ಎರಡು ಹನಿ ಎಣ್ಣೆ

ನಮ್ಮ ಟೈಪಿಂಗ್ ಮಾಸ್ತರರ ಒಂಬತ್ತು ಬೆರಳುಗಳ ತುದಿಗಳು ಹಳೆಯ ಅಂಗಿಯ ಗುಂಡಿಗಳ ಹಾಗೆ ಸವೆದು ಚಪ್ಪಟೆಯಾಗಿದ್ದವು. ಎಡಗೈ ಹೆಬ್ಬೆರಳೊಂದೇ ಮದುವೆಮನೆಯ ಬೀಗರ ಹಾಗೆ ಕೆಲಸವಿಲ್ಲದೆ ದುಂಡಗೆ, ಮೆತ್ತಗೆ ಇತ್ತು. ಟೈಪ್ ಹೊಡೆಯುವಾಗ ಜಾಗ ಬಿಡಲು ಬಲಗೈ ಹೆಬ್ಬೆರಳು ಸಾಕು. ಆದರೆ ಮಾಸ್ತರರು ಯಾರನ್ನೂ ಖಾಲಿ ಕೂರಿಸುವವರಲ್ಲ. ಶನಿವಾರಕ್ಕೊಮ್ಮೆ ಎಣ್ಣೆಡಬ್ಬಿಯ ತಳವನ್ನು ಟಕ್ ಎಂದು ಒತ್ತುವ ಕೆಲಸವನ್ನು ಅದಕ್ಕೆ ಕೊಟ್ಟಿದ್ದರು.

ಸವಣೂರಿನಲ್ಲಿ ವೀಳ್ಯದೆಲೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವರ ಆರು ಮಷೀನುಗಳಿದ್ದವು. ಶನಿವಾರ ಬೆಳಿಗ್ಗೆ ಹನುಮಪ್ಪನ ಗುಡಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ, ಹಣೆಯ ಅಕ್ಷತೆಯ ಬೊಟ್ಟು ಆರುವ ಮೊದಲೇ ಬಂದು ಮಷೀನುಗಳಿಗೂ ಎಣ್ಣೆ ಬಿಡುತ್ತಿದ್ದರು. ‘ಎಣ್ಣಿ ಕಂಡ ಮಷೀನು, ಊಟ ಕಂಡ ಮನಶ್ಯಾ, ಎರಡೂ ಸಿಟ್ಟು ಮಾಡೂದಿಲ್ಲ’ ಎನ್ನುವರು. ಅದಕ್ಕೊಂದು ಶಿಸ್ತೂ ಇತ್ತು: ‘ಹೆಚ್ಚು ದುಡಿಯೋ ಅಕ್ಷರಕ್ಕ ಎರಡ ಹನಿ, ಉಳದದ್ದಕ್ಕ ಒಂದ.’

ನಾನು ಅವರಲ್ಲಿ ಟೈಪಿಂಗ್ ಕಲಿತು, ಎಂಬತ್ತರ ದಶಕದ ನಡುವೆ ಶಿಗ್ಗಾವಿಯ ಕಾಲೇಜೊಂದರ ಫಿಜಿಕ್ಸ್ ಲ್ಯಾಬಿನಲ್ಲಿ ತಾತ್ಕಾಲಿಕ ನೌಕರನಾದೆ. ‘ಮಾರ್ಚ್‌ವರೆಗೆ ಮಾತ್ರ’ ಎಂದು ಆದೇಶದಲ್ಲಿ ಬರೆದಿತ್ತು. ಜೂನ್‌ನಿಂದಲೇ ನನಗೆ ಮಾರ್ಚ್‌ನ ಚಿಂತೆ ಶುರುವಾಗಿತ್ತು. ಕಂಪ್ಯೂಟರ್ ಕಲಿಸಬಲ್ಲವನಿದ್ದರೆ ಕಾಯಂ ಮಾಡಿಕೊಳ್ಳಬಹುದು ಎಂದು ಪ್ರಿನ್ಸಿಪಾಲರು ಒಂದು ದಿನ ಬಾಯಿತಪ್ಪಿ ಅಂದರು. ಸರಿ, ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿ, ಬೆಂಗಳೂರಿನಿಂದ ಚಿಪ್ ತರಿಸಿ, ಮನೆಯ ಪಡಸಾಲೆಯಲ್ಲೇ ಒಂದನ್ನು ಕಟ್ಟಲು ಕೂತೆ. ಪರದೆಗೆ ನಮ್ಮ ಕಪ್ಪುಬಿಳುಪು ಟಿವಿ ಇತ್ತು. ಕೀಬೋರ್ಡಿಗೆ ಮಾತ್ರ ದುಡ್ಡು ಉಳಿದಿರಲಿಲ್ಲ.

‘ಅಕ್ಷರಕ್ಕ ಯಾಕ ಚಿಂತಿ ಮಾಡ್ತೀಯೋ’ ಎಂದು ಮಾಸ್ತರರು ಮೂಲೆಗೆ ಬಿದ್ದಿದ್ದ ಒಂದು ಮಷೀನಿನ ಕೀಗಳನ್ನು ಬಿಚ್ಚಿಕೊಟ್ಟರು. ಪ್ರತಿ ಕೀ ಕೆಳಗೆ ಎರಡು ತೆಳ್ಳನೆಯ ತಗಡಿನ ಪಟ್ಟಿ ಕೂಡಿಸಿದೆವು. ಕೀ ಒತ್ತಿದರೆ ಪಟ್ಟಿಗಳು ಮುಟ್ಟಬೇಕು, ಟಿವಿಯಲ್ಲಿ ಅಕ್ಷರ ಮೂಡಬೇಕು. ಮೊದಲ ದಿನ ಮೂಡಿತು ಕೂಡ. ಹೋಗುವಾಗ ಮಾಸ್ತರರು ಸಣ್ಣ ಬಾಟಲಿಯಲ್ಲಿ ಎಣ್ಣೆ ಕೊಟ್ಟು, ‘ಶನಿವಾರ ಮರೀಬ್ಯಾಡ’ ಅಂದರು.

ಮರೆಯುವುದೆಲ್ಲಿಂದ ಬಂತು. ಶನಿವಾರ ಹಾಕಿದ್ದು ಸಾಲದೇನೋ ಎಂದು ನಾನು ಬುಧವಾರವೂ ಹಾಕುತ್ತಿದ್ದೆ. ಬಾಟಲಿ ಖಾಲಿಯಾದಾಗಲೆಲ್ಲ ಮಾಸ್ತರರೇ ತುಂಬಿಸಿ ಕೊಡುವರು. ಬುಧವಾರದ ವಿಷಯ ಅವರಿಗೆ ಹೇಳಲಿಲ್ಲ. ಗುರುವಿನ ಮಾತಿಗೆ ಶಿಷ್ಯ ತನ್ನದೊಂದು ದಿನ ಸೇರಿಸಿದ ಎಂದರೆ ಚೆನ್ನಾಗಿರುತ್ತದೆಯೇ.

ಒಂದು ರವಿವಾರ ಪ್ರಿನ್ಸಿಪಾಲರು ಕಾಲೇಜಿನ ಚೇರಮನ್ನರನ್ನು ಕರೆದುಕೊಂಡು ಮನೆಗೆ ಬಂದರು. ನಾನು ಚೇರಮನ್ನರ ಹೆಸರು ಹೊಡೆದೆ. ಅರ್ಧ ಅಕ್ಷರಗಳು ಬರಲೇ ಇಲ್ಲ. ಬಂದವುಗಳಲ್ಲಿ ಕೆಲವು ಎರಡೆರಡು ಬಂದವು. ಬೆವರುತ್ತ ಮತ್ತೆ ಹೊಡೆದೆ. ಅದೇ ಕಥೆ.

‘ಏನ್ರೀ ಸರ, ಅರ್ಧಾ ಹೆಸರ ಬಂತಲ್ಲ’ ಎಂದರು ಚೇರಮನ್ನರು. ‘ಉಳದದ್ದು ನಾಳಿನ ಬಸ್ಸಿಗೆ ಬರತೈತೇನು?’ ಅವ್ವ ಕೊಟ್ಟ ಚಹಾ ಕುಡಿದು ಏಳುವಾಗ ಪ್ರಿನ್ಸಿಪಾಲರಿಗೆ ಮೆಲ್ಲಗೆ ಅಂದದ್ದೂ ನನಗೆ ಕೇಳಿತು: ‘ಇವರ ಕೈಯಾಗ ನಮ್ಮ ಹುಡುಗ್ರನ್ನ ಕೊಡೂದಂದ್ರ ವಿಚಾರ ಮಾಡಬೇಕಾಕ್ಕೈತ್ರಿ.’

ಅವರು ಹೋದ ಮೇಲೆ ನಾನು ಎಲ್ಲವನ್ನೂ ಬಿಚ್ಚಿ ಹರಡಿದೆ. ಚಿಪ್ ಬದಲಿಸಿದೆ, ಬೆಸುಗೆ ಮತ್ತೆ ಹಾಕಿದೆ. ಪಟ್ಟಿಗಳಿಗೆ ಮೀಟರಿನ ಮೊನೆ ಚುಚ್ಚಿದರೆ ಎಲ್ಲ ಸರಿ ಅನ್ನುತ್ತದೆ. ಕೀ ಒತ್ತಿದರೆ ಟಿವಿ ಇಲ್ಲ ಅನ್ನುತ್ತದೆ. ಸುದ್ದಿ ಕೇಳಿ ಮಾಸ್ತರರು ಬಂದರು. ಅವರು ಮೀಟರು ಮುಟ್ಟಲಿಲ್ಲ. ಮತ್ತೆ ಜೋಡಿಸಲು ಹೇಳಿ, ಕಣ್ಣು ಮುಚ್ಚಿ ಎಲ್ಲ ಅಕ್ಷರಗಳನ್ನೂ ಒಂದೊಂದಾಗಿ ಹೊಡೆದು, ‘ಬರಲಾರದ್ದು ಬರಕೋ’ ಅಂದರು. ಬರೆದುಕೊಂಡೆ. ಇ, ಟಿ, ಎ, ಎನ್, ಹೀಗೆ ಎಂಟು. ಕ್ಯೂ, ಝಡ್, ಎಕ್ಸ್ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಮೂಡಿದವು.

ಮಾಸ್ತರರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ‘ಇವು ನನ್ನ ಎರಡ ಹನಿ ಅಕ್ಷರ ಅಲ್ಲೇನೋ’ ಅಂದರು.

ಟೈಪಿನ ಗಟ್ಟಿ ಕಾಗದವನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ‘ಇ’ ಕೆಳಗಿನ ತಗಡುಗಳ ನಡುವೆ ತೂರಿಸಿ ಎಳೆದರು. ಕಾಗದದ ಮೇಲೆ ಕಾಡಿಗೆಯಂಥ ಗೆರೆ. ಎಣ್ಣೆ ಇಳಿದು, ಧೂಳು ಕೂಡಿ, ತಗಡಿಗೆ ತಗಡು ಮುಟ್ಟದಂತೆ ಮಾಡಿತ್ತು. ಮೀಟರಿನ ಚೂಪು ಮೊನೆ ಅದನ್ನು ಕೊರೆದು ಒಳಗೆ ಹೋಗುತ್ತಿತ್ತು, ಅಷ್ಟೇ.

‘ನಿಂದೇನೂ ತಪ್ಪಿಲ್ಲಪಾ. ಎಲ್ಲಾ ಮಷೀನೂ ಒಂದ ಅಂತ ತಿಳಕೊಂಡಾಂವ ನಾನು.’

ಬುಧವಾರದ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅಲ್ಲೇ ಕೂತಿತು. ಇಬ್ಬರೂ ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ಪಟ್ಟಿಗಳನ್ನೆಲ್ಲ ತೊಳೆದೆವು.

ಮಂಗಳವಾರ ಮಾಸ್ತರರು ಕ್ಲಾಸಿಗೆ ಬೀಗ ಹಾಕಿದರು. ಸ್ವಂತ ಮಗಳ ನಿಶ್ಚಿತಾರ್ಥದ ದಿನವೂ ಬೆಳಗಿನ ಬ್ಯಾಚ್ ಮುಗಿಸಿಯೇ ಹೋಗಿದ್ದ ಮನುಷ್ಯ. ಎಲ್ಲಿ ಹೋಗಿದ್ದರೆಂದು ನನಗೆ ತಿಳಿದದ್ದು ಮರುದಿನ, ಪ್ರಿನ್ಸಿಪಾಲರ ಬಾಯಿಂದ. ‘ನಿಮ್ಮ ಮಾಸ್ತರು ಬಂದಿದ್ರು. ಚೇರಮನ್ನರೂ ಕುಂತಿದ್ರು. ಹುಡುಗನ ಕಂಪ್ಯೂಟರ್ ನೆಟ್ಟಗ ಅದ, ಕೆಡಿಸಿದಾಂವ ನಾನು, ಇನ್ನೊಮ್ಮೆ ಬಂದು ನೋಡ್ರಿ ಅಂತ ಕೈ ಮುಗದ್ರು.’

ಮುಂದಿನ ರವಿವಾರ ಇಬ್ಬರೂ ಬಂದರು. ಪರದೆಯ ಮೇಲೆ ಹೆಸರು ಪೂರ್ತಿ ಮೂಡಿತು. ‘ಬಸ್ ತಡಾ ಆದ್ರೂ ಬಂತ ನೋಡ್ರಿ’ ಎಂದು ಚೇರಮನ್ನರು ನಕ್ಕರು. ಮಾರ್ಚ್ ಕಳೆಯಿತು, ನಾನು ಕಾಯಂ ಆದೆ.

ಅದಾಗಿ ಕೆಲವು ವರ್ಷಗಳ ಮೇಲೆ, ಮಾಸ್ತರರು ತೀರಿಕೊಳ್ಳುವ ಹದಿನೈದು ದಿನ ಮೊದಲು, ನೋಡಲು ಹೋಗಿದ್ದೆ. ದನಿ ಇಳಿದಿತ್ತು. ‘ಬುಧವಾರದ ಎಣ್ಣಿ ಬಿಟ್ಟೀಯಿಲ್ಲೋ?’ ಎಂದು ಕೇಳಿದರು.

ನಾನು ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದೆ. ‘ನಿಮಗ ಗೊತ್ತಿತ್ತೇನ್ರೀ?’

‘ಗೊತ್ತಿರಲಾರದೇನೋ’ ಎಂದು ನಕ್ಕು, ಕೆಮ್ಮಿ, ‘ನಿಮ್ಮ ಅವ್ವ ಆವಾಗನ ಹೇಳಿದ್ದಳೋ. ಅದೂ ಅಲ್ಲದ ಬಾಟ್ಲಿ ತುಂಬಿಸಿ ಕೊಡಾಂವ ನಾನ. ತಿಂಗಳ ಬರೋದು ಹದಿನೈದ ದಿನಕ್ಕ ಖಾಲಿ’ ಅಂದರು.

‘ಮತ್ತ ಚೇರಮನ್ನರ ಮುಂದ ಕೆಡಿಸಿದಾಂವ ನಾನು ಅಂತ ಯಾಕ ಅಂದ್ರಿ?’

‘ನಿನಗ ಮಾರ್ಚ್ ಇತ್ತು. ನನಗೇನಿತ್ತೋ, ಬರೇ ಶನಿವಾರ.’

ಚಾದರದ ಮೇಲಿದ್ದ ಅವರ ಎಡಗೈ ಹೆಬ್ಬೆರಳನ್ನು ಹಿಡಿದು ಕೂತೆ. ಅದು ಇನ್ನೂ ಮೆತ್ತಗೇ ಇತ್ತು.