ಅಣ್ಣನ ಹೆಸರಿಟ್ಟ ಮೀನುಹೇನು

ಕೇರಳದ ಅಳೀಕಲ್ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹರಾಜುಕಟ್ಟೆಯ ಗದ್ದಲದಿಂದ ತುಸು ದೂರ, ಬಂಗಡೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ ವನಜಾಕ್ಷಿ ಟೀಚರ್ ಒಂದೊಂದೇ ಮೀನಿನ ಬಾಯಿ ಬಿಡಿಸಿ ನೋಡುತ್ತಿದ್ದಾರೆ. ಕಿವಿರಿನ ಸಂದಿಗೆ ಚಿಮಟ ಇಳಿಯುತ್ತದೆ. ಹದಿನಾಲ್ಕು ಕಾಲುಗಳಿಂದ ಕಚ್ಚಿಕೊಂಡಿದ್ದ ಬಿಳಿಯ ಜೀವವೊಂದು ಒಲ್ಲದ ಮನಸ್ಸಿನಿಂದೆಂಬಂತೆ ಈಚೆ ಬರುತ್ತದೆ.

"ಟೀಚರೇ, ಹೇನು ಸಿಕ್ತಾ? ಹಂಗೇ ನಮ್ಮನೆಯವಳ ತಲೇನೂ ಒಂಚೂರು ನೋಡಿಬಿಡಿ!" ಮೀನು ಮಾರುವ ಅಸೈನಾರ್ ಕೂಗುತ್ತಾನೆ.

"ನಿನ್ನ ತಲೇಲೇ ಏನೂ ಇಲ್ಲ, ಅವಳದ್ಯಾಕೆ ಬಿಡು," ಎನ್ನುತ್ತಾರೆ ಟೀಚರ್, ತಲೆಯೆತ್ತದೆ.

ಕಣ್ಣೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಇವರು ಒಂಟಿ. ಮೀನಿನ ರಕ್ತ ಹೀರಿ ಬದುಕುವ ಈ ಹೇನುಗಳಲ್ಲಿ ಯಾವುದು ಯಾವ ಪ್ರಭೇದ ಎಂದು ವಿಂಗಡಿಸುವುದರಲ್ಲೇ ಆಯುಷ್ಯ ಸವೆಸಿದ್ದಾರೆ. ಕಾಲಿನ ಕೊಕ್ಕೆ, ಬಾಲದ ಅಂಚು, ಬೆನ್ನಿನ ಮಡಿಕೆ ನೋಡಿ ನೋಡಿ ಕಣ್ಣು ಮಂಜಾಗಿದೆ. ಈ ಕೆಲಸದ ಬಗ್ಗೆ ಮಾತಾಡಲು ಸುತ್ತಮುತ್ತ ಯಾರೂ ಇಲ್ಲ.

ದೋಣಿಯಲ್ಲಿ ದುಡಿಯುತ್ತಿದ್ದ ಅಣ್ಣ ಪವಿತ್ರನ್ ಇದ್ದಾಗ ಹೀಗಿರಲಿಲ್ಲ. ಹೇನು ಹತ್ತಿದ ಮೀನು ಕಂಡರೆ ಬೇರೆ ಎತ್ತಿಟ್ಟು ತರುತ್ತಿದ್ದ. "ಒಂದಿನ ಅವನೂ ವಾಪಸ್ ಬರ್ಲಿಲ್ಲ, ದೋಣೀನೂ ಬರ್ಲಿಲ್ಲ," ಎನ್ನುತ್ತಾರೆ ಟೀಚರ್. ಅವನು ಕೊನೆಗೆ ತಂದ ಮೀನಿನ ಕಿವಿರಲ್ಲಿ ಸಣಕಲು ಹೇನೊಂದಿತ್ತು. ಯಾವ ಪುಸ್ತಕದ ವಿವರಣೆಗೂ ಅದು ಹೊಂದಲಿಲ್ಲ. ಹೊಸ ಪ್ರಭೇದವೆಂದು ಪ್ರಕಟಿಸಿ, ಅಣ್ಣನ ಹೆಸರಿಗೆ ಲ್ಯಾಟಿನ್ ಬಾಲ ಸೇರಿಸಿ 'ಪವಿತ್ರನಿ' ಎಂದು ಕರೆದರು. ಅತ್ತಿಗೆ ದೇವಯಾನಿ ಕೇರಿಗೆಲ್ಲ ಪಾಯಸ ಹಂಚಿದರು.

ಕಳೆದ ವರ್ಷ ಹಿತ್ತಿಲ ತೊಟ್ಟಿಯಲ್ಲಿ ಸಾಕಿದ ಮೀನೊಂದರ ಬಾಯಲ್ಲಿ ಹಳೆಯ, ಎಲ್ಲರಿಗೂ ಗೊತ್ತಿರುವ ಪ್ರಭೇದದ ದಪ್ಪ ಹೆಣ್ಣುಹೇನಿತ್ತು. ಕಿವಿರಲ್ಲಿ ಸಣಕಲು 'ಪವಿತ್ರನಿ'. ಹೆಣ್ಣು ಸತ್ತಿತು. ಸಣಕಲು ಹೇನು ಬಾಯಿಗೆ ಸರಿದು, ಪೊರೆ ಕಳಚಿ ಕಳಚಿ ಅಗಲವಾಯಿತು. ಒಂದು ಬೆಳಿಗ್ಗೆ ಅದರ ಹೊಟ್ಟೆಯಡಿ ಮೊಟ್ಟೆ ಕಂಡವು. ಅದು ಬೇರೆ ಪ್ರಭೇದವಲ್ಲ. ಅದೇ ಹಳೆಯ ಪ್ರಭೇದದ, ಹೆಣ್ಣಾಗುವ ಮುಂಚಿನ ಗಂಡು, ಅಷ್ಟೇ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೀಚರ್ ನೇರ ಅತ್ತಿಗೆಯ ಮನೆಗೆ ಹೋದರು.

"ಅತ್ತಿಗೇ, ನಾನು ತಪ್ಪು ಮಾಡಿದ್ದೆ. ಆ ಹೆಸರು ತೆಗೀಬೇಕು."

"ಹೆಣ ಸಿಗ್ಲಿಲ್ಲ. ಕರ್ಮ ಮಾಡೋಕೆ ಒಂದು ಎಲುಬಿರ್ಲಿಲ್ಲ. ಆ ಹೆಸರೊಂದಿತ್ತು," ಎಂದರು ದೇವಯಾನಿ. "ಸಮುದ್ರ ಒಂದ್ಸಲ ತಗೊಂಡೋಯ್ತು. ಇನ್ನೊಂದ್ಸಲ ನೀನು ತಗೋತೀಯಾ ವನಜಾ?"

ಟೀಚರ್ ಎದ್ದುಬಂದರು. ತಿದ್ದುಪಡಿಯ ಲೇಖನ ಮಳೆಗಾಲಕ್ಕೆ ಮುಂಚೆ ಪ್ರಕಟವಾಯಿತು. ದೇವಯಾನಿ ಈಗ ಬೀದಿಯಲ್ಲಿ ಎದುರಾದರೂ ಆಚೆ ಬದಿಗೆ ದಾಟುತ್ತಾರೆ.

"ಇಟ್ಟ ಹೆಸರನ್ನ ಪೂರ್ತಿ ಅಳಿಸೋಕಾಗಲ್ಲ ಕಣ್ರೀ, ನಿಯಮಾನೇ ಹಂಗಿದೆ," ಎನ್ನುತ್ತಾರೆ ಟೀಚರ್, ಹೇನು ಹಾಕಿದ ಸೀಸೆಗೆ ಮುಚ್ಚಳ ಬಿಗಿಯುತ್ತ. "ಪುಸ್ತಕಗಳಲ್ಲಿ ಸರಿಯಾದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅವನದೂ ಇರುತ್ತೆ. ಬಳಸೋ ಹಾಗಿಲ್ಲ, ಅಷ್ಟೇ. ಇದನ್ನ ಅತ್ತಿಗೆಗೆ ಹೇಳಬೇಕಿತ್ತು, ಅವತ್ತು ಬಾಯಿ ಬರ್ಲಿಲ್ಲ."

ಬೇರೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಅತ್ತಿಗೆ ಒಂದ್ಸಲ ಬಂದು ತೊಟ್ಟೀಲಿ ಆ ಹೇನನ್ನ ನೋಡಬೇಕು. ಅದು ಎಷ್ಟು ಚೆಂದ ಬದಲಾಗುತ್ತೆ ಅಂತ ನಾನೊಬ್ಬಳೇ ನೋಡಿರೋದು."