ಬೆಲ್ಲದ ತಕ್ಕಡಿಯಲ್ಲಿ ಕುಳಿತ ಅಣ್ಣತಮ್ಮ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮದ್ದೂರಿನ ಸಮೀಪದ ನಮ್ಮ ಹಳ್ಳಿಯಲ್ಲಿ ಅಪ್ಪ ಗರಡಿಮನೆ ನಡೆಸುತ್ತಿದ್ದರು. ಎಣ್ಣೆ, ಮಜ್ಜಿಗೆ ಬೆರೆಸಿ ಹದಗೊಳಿಸಿದ ಆ ಕೆಮ್ಮಣ್ಣಿನ ತಂಪು ಇಂದಿಗೂ ನನ್ನ ಅಂಗಾಲಿನಲ್ಲಿದೆ. ನನಗೂ, ನನಗಿಂತ ಒಂದು ವರ್ಷ ಚಿಕ್ಕವನಾದ ತಮ್ಮನಿಗೂ ಅಪ್ಪ ಒಂದೇ ದಿನ, ಒಂದೇ ಕ್ರಮದಲ್ಲಿ ಕುಸ್ತಿಯ ಪಟ್ಟುಗಳನ್ನು ಕಲಿಸಿದ್ದರು. ನನಗೆ ಬರುತ್ತಿದ್ದ ಪಟ್ಟುಗಳೆಲ್ಲವೂ ಅವನಿಗೆ ಬರುತ್ತಿದ್ದವು. ವ್ಯತ್ಯಾಸವಿದ್ದುದು ಮೈಯಲ್ಲಿ ಮಾತ್ರ: ನಾನು ದಪ್ಪ, ಅವನು ಕಡ್ಡಿ.

ಹಿತ್ತಲಿನ ಹುಲ್ಲಿನ ಮೇಲೆ ಸೆಣಸಿದಾಗಲೆಲ್ಲ ನಾನೇ ಗೆಲ್ಲುತ್ತಿದ್ದೆ. ತಮ್ಮ ಬೆನ್ನು ಕೊಡವಿಕೊಂಡು ನಗುತ್ತಿದ್ದ.

"ನಿಂದೇನ್ ಎಚ್ಗಾರ್ಕೆ? ಮೂಟೆ ಉರುಳ್ದಂಗೆ ಮ್ಯಾಲ್ ಬೀಳ್ತೀಯ, ಅಷ್ಟೇ ಕಣಣ್ಣ!"

ಆ ಮಾತು ನನ್ನನ್ನು ಚುಚ್ಚಿತು. ನಾನು ಗೆಲ್ಲುವುದು ವಿದ್ಯೆಯಿಂದ ಎಂಬುದನ್ನು ಅಪ್ಪನ ಎದುರಿನಲ್ಲೇ ತೋರಿಸಬೇಕೆನಿಸಿತು.

ಆದರೆ ಅಪ್ಪನ ನಿಯಮ ಕಟ್ಟುನಿಟ್ಟು. ಜೋಡಿ ಕಟ್ಟುವ ಮೊದಲು ಹುಡುಗರನ್ನು ಪಕ್ಕದ ಆಲೆಮನೆಗೆ ಕರೆದೊಯ್ದು, ಬೆಲ್ಲ ತೂಗುವ ದೊಡ್ಡ ತಕ್ಕಡಿಯ ಎರಡು ತಟ್ಟೆಗಳಲ್ಲಿ ಎದುರುಬದುರಾಗಿ ಕೂರಿಸುತ್ತಿದ್ದರು. ಮುಳ್ಳು ನೆಟ್ಟಗೆ ನಿಂತರೆ ಕುಸ್ತಿ, ವಾಲಿದರೆ ಇಲ್ಲ.

ಒಂದು ದಿನ ನಾನು ಬದುವಿನ ಕಲ್ಲುಗಳನ್ನು ಟವೆಲಿನಲ್ಲಿ ಸುತ್ತಿ, ತಮ್ಮನ ದೊಗಲೆ ಅಂಗಿಯೊಳಗೆ ಸೊಂಟಕ್ಕೆ ಬಿಗಿದೆ.

"ಒತ್ತುತ್ತೆ ಕಣಣ್ಣ."

"ಬಾಯ್ ಮುಚ್ಕಂಡ್ ಕೂತ್ಕಳ್ಲಾ!"

ಕುದಿಯುವ ಕಬ್ಬಿನ ಹಾಲಿನ ಹಬೆಯ ನಡುವೆ ಮುಳ್ಳು ನೆಟ್ಟಗೆ ನಿಂತಿತು. ಅಪ್ಪ ಒಮ್ಮೆ ತಮ್ಮನ ತೋಳನ್ನೂ ಒಮ್ಮೆ ಮುಳ್ಳನ್ನೂ ನೋಡಿ, ಅನುಮಾನಿಸುತ್ತಲೇ ಒಪ್ಪಿದರು. ನಾವು ಆಲೆಮನೆಯ ಹಿಂದೆ ಕಲ್ಲುಗಳನ್ನು ಬಿಸಾಡಿ, ಲಂಗೋಟಿ ಬಿಗಿದು ಮಣ್ಣಿಗಿಳಿದೆವು.

ನಾನು ಹಾಕಿದ ಪಟ್ಟನ್ನೆಲ್ಲ ತಮ್ಮ ಬಿಡಿಸಿಕೊಂಡ. ಅವನು ಹಾಕಿದ್ದನ್ನು ನಾನು ಬಿಡಿಸಿಕೊಂಡೆ. ಬಹಳ ಹೊತ್ತು ಯಾರೂ ಬೀಳಲಿಲ್ಲ. ಕೊನೆಗೆ ನನ್ನಲ್ಲಿ ವಿದ್ಯೆ ಉಳಿದಿರಲಿಲ್ಲ, ಭಾರ ಮಾತ್ರ ಉಳಿದಿತ್ತು. ಅದನ್ನೇ ಅವನ ಮೇಲೆ ಹೇರಿದೆ. ಅವನ ಬಲಗೈ ಕೆಳಗೆ ಸಿಕ್ಕಿಕೊಂಡಿತು. ಹಸಿ ಕಬ್ಬು ಮುರಿದಂತಹ ಸದ್ದು ಕೇಳಿಸಿತು.

ನಾಟಿವೈದ್ಯರು ಕೈಗೆ ಬಿದಿರಿನ ದಬ್ಬೆ ಕಟ್ಟುವಾಗ ತಮ್ಮ ನನ್ನ ಕಿವಿಯಲ್ಲಿ, "ಯೋಳ್ಬ್ಯಾಡ ಬುಡಣ್ಣ, ಅಪ್ಪ ಒಡ್ದಾಕ್ಬುಡ್ತಾನೆ" ಎಂದ. ನಾನು ಹೇಳಲಿಲ್ಲ. ಜಗಲಿಯ ಮೇಲೆ ಅಪ್ಪ ತಮ್ಮಷ್ಟಕ್ಕೆ ತಾವೇ, "ಕಣ್ಣು ಬ್ಯಾಡ ಅಂತು. ನಾನೇ ತಕ್ಕಡಿ ಮಾತ್ ಕೇಳ್ಬುಟ್ಟೆ" ಎಂದರು. ಮರುದಿನದಿಂದ ಅವರು ಯಾರಿಗೂ ಜೋಡಿ ಕಟ್ಟಲಿಲ್ಲ. ಹುಡುಗರು ಗರಡಿಗೆ ಬರುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ತಮ್ಮನ ಮೊಣಕೈ ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ.

ಈಗ ನೀವಿಬ್ಬರೂ ಮಂಡ್ಯದಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದೀರಿ. ವಿದ್ಯೆ ಸಮನಾಗಿದ್ದರೆ ಭಾರವಿರುವವರ ಕೈ ಮೇಲಾಗುತ್ತದೆ ಎಂಬುದನ್ನು ನಿಮ್ಮ ತರಬೇತುದಾರರು ಮೊದಲ ದಿನವೇ ಹೇಳಿಕೊಟ್ಟು, ತೂಕಕ್ಕೆ ತಕ್ಕಂತೆ ಗುಂಪು ಮಾಡುತ್ತಾರೆ. ತಲೆಗೆ ಮೆತ್ತನೆಯ ಕವಚ, ಕೈಗೆ ಗವಸು. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಊಟಕ್ಕೆ ಕೂತವಳೇ, "ತಾತ, ಬೆಲ್ ಹೊಡೆದ್ಮೇಲೂ ಒಂದು ಗುದ್ಬಿಟ್ಟೆ. ಯಾರೂ ನೋಡಿರ್ಲಿಲ್ಲ, ನಾನೇ ಸರ್‌ಗೆ ಹೇಳ್ದೆ" ಎಂದು, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಪ್ಪನೂ ತಾವು ಬದುಕಿದ್ದಷ್ಟು ವರ್ಷ, ದಿನಕ್ಕೆ ಎರಡು ಹೊತ್ತು, ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದರು; ಆ ಕಲ್ಲುಗಳ ಮಾತನ್ನು ನಾನು ಒಮ್ಮೆಯೂ ಎತ್ತಲಿಲ್ಲ.