ಸುಧಾರಿಸಿದ ಬಾಣಂತಿ

ನನ್ನ ತಂಗಿಯ ಮಗಳು ಸೌಮ್ಯಾ ಚೊಚ್ಚಲ ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ಹುಬ್ಬಳ್ಳಿಯ ಗಂಡನ ಮನೆಗೆ ಬಂದ ದಿನ, ಅವಳ ಅತ್ತೆ ದ್ರಾಕ್ಷಾಯಿಣಿ ಆರತಿ ತಟ್ಟೆ ಹಿಡಿದುಕೊಂಡೇ ಅಂದಳು, "ಅಯ್ಯ ಶಿವನ! ಭಾಳ ಸುಧಾರಿಸಿಬಿಟ್ಟಾಳಲ್ರಿ!"

ತಂಗಿ ಶರಣವ್ವ ಹಿಗ್ಗಿಹೋದಳು. ನಮ್ಮ ಕಡೆ ಮೈ ತುಂಬಿಕೊಂಡವರಿಗೆ ಸುಧಾರಿಸಿದರು ಅನ್ನುತ್ತೇವೆ. ಬಾಣಂತಿ ಸುಧಾರಿಸಿದಳೆಂದರೆ ತವರಿನವರು ಅವಳಿಗೆಂದು ಕಟ್ಟುವ ಅಂಟಿನುಂಡಿಗೆ ತುಪ್ಪ ಹಾಕುವಾಗ ಕೈ ಹಿಡಿಯಲಿಲ್ಲವೆಂದು ಅರ್ಥ. "ಎಲ್ಲಾ ನಿಮ್ಮ ಆಶೀರ್ವಾದರಿ ಬೀಗರ" ಎಂದು ಕೈಮುಗಿದೇ ಬಿಟ್ಟಳು, ಅಮ್ಮಿನಬಾವಿಯ ಸಾದಾ ಹೆಂಗಸು. ದ್ರಾಕ್ಷಾಯಿಣಿಯ ಕಣ್ಣು ಮಾತ್ರ ಸೊಸೆಯ ಹೊಟ್ಟೆಯ ಮೇಲಿತ್ತು. ಅದು ಹೊಗಳಿಕೆಯಲ್ಲವೆಂದು ನನಗೆ ಆಗಲೇ ತಿಳಿಯಿತು.

ಸೌಮ್ಯಾ ಧಾರವಾಡದಲ್ಲಿ ನನ್ನ ಮನೆಯಲ್ಲಿದ್ದುಕೊಂಡೇ ಕಾಲೇಜು ಓದಿದವಳು. ಖೋ ಖೋ ಆಡುತ್ತಿದ್ದಳು. ಮೊಣಕಾಲು ಕೆತ್ತಿಸಿಕೊಂಡು ಬಂದು, ರೊಟ್ಟಿಯ ಮೇಲೆ ರೊಟ್ಟಿ ಉಂಡು, ತಾಟಿನ ಮುಂದೆಯೇ ತೂಕಡಿಸುತ್ತಿದ್ದಳು. ಅವಳು ಉಣ್ಣುವುದನ್ನು ನೋಡುವುದೇ ನನಗೊಂದು ಸಂತೋಷ. ಆಮೇಲೆ ಶಿವಯೋಗೀಶನಿಗೆ ಕೊಟ್ಟು ಮದುವೆ ಮಾಡಿದೆವು. ಕಾಳುಕಡಿಯ ವ್ಯಾಪಾರ, ಚಟವಿಲ್ಲ, ಕೈ ಎತ್ತುವವನಲ್ಲ. ನಾಲಿಗೆಯ ಬಗ್ಗೆ ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ.

ಅವಳ ಮೈದುನನ ಮದುವೆ ಗೊತ್ತಾಗಿತ್ತು. ಅವಳ ಮೈ ಇಳಿಸಲು ಅದೇ ನೆಪವಾಯಿತು. ನಾವು ಕಟ್ಟಿಕೊಟ್ಟ ಅಂಟಿನುಂಡಿಯ ಡಬ್ಬಿ ಅಟ್ಟಕ್ಕೇರಿತು. ಅದರ ಜಾಗದಲ್ಲಿ ಊಟದ ಬದಲು ನೀರಿಗೆ ಕಲಸಿ ಕುಡಿಯುವ ಎಂಥದೋ ಪುಡಿ ಬಂತು. ಶಿವಯೋಗೀಶ ದಿನಾ ಮೊಬೈಲಿನಲ್ಲಿ ಯಾರಾರದೋ ಫೋಟೋ ತೋರಿಸುವನು. "ನನ್ನ ದೋಸ್ತನ ಹೆಂಡ್ತಿ ನೋಡು, ಎರಡು ಹಡದ್ರೂ ಕಾಲೇಜ ಹುಡುಗಿ ಹಂಗ ಅದಾಳ. ನೀ ಒಂದಕ್ಕ ಕ್ವಿಂಟಲ್ ಚೀಲ ಆಗೀದಿ."

ಒಂದು ಮಧ್ಯಾಹ್ನ ಸೌಮ್ಯಾ ಫೋನು ಮಾಡಿದಳು.

"ದೊಡ್ಡವ್ವ, ಹಸಿವು ತಡ್ಯಾಕ ಆಗವಲ್ದು."

"ಹಂಗಾರ ಉಣ್ಣವಾ ನನ್ನ ತಾಯಿ!"

"ಉಣ್ಣಾಕ ಕುಂತ್ರ ಎಲ್ಲಾರೂ ತಾಟ ನೋಡ್ತಾರ. ಕೂಸಿಗೆ ಹಾಲು ಸಾಲವಲ್ದು ದೊಡ್ಡವ್ವ. ಕುಡದು ಮತ್ತ ಅಳತೈತಿ."

ಮರುದಿನವೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ದ್ರಾಕ್ಷಾಯಿಣಿ ಚಹಾ, ಚೂಡಾ ತಂದಿಟ್ಟು ಬಹಳ ಮರ್ಯಾದೆಯಿಂದಲೇ ಮಾತಾಡಿದಳು.

"ನಾವೇನು ಉಪಾಸ ಕೆಡವೇವೇನ್ರಿ ಅಕ್ಕಾರ? ಆಕಿ ಛಲೋದಕ್ಕ ಹೇಳ್ತೇವಿ. ನಾಳಿ ಮದುವ್ಯಾಗ ನಾಕು ಮಂದಿ ನಗಬಾರದಲ್ಲ?"

"ಕೂಸಿಗೆ ಹಾಲು ಎಲ್ಲಿಂದ ಬರಬೇಕ್ರಿ? ಡಾಕ್ಟರು ಹೊಟ್ಟಿ ತುಂಬ ಉಣ್ಣು ಅಂದಾರಂತ."

"ಡಾಕ್ಟರಿಗೇನ್ರಿ, ಹಂಗ ಅಂತಾರ. ಮಂದಿ ಅನ್ನೂದನ್ನ ಕೇಳಾವ್ರು ನಾವು."

ಒಳಗೆ ಸೌಮ್ಯಾ ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಧಾರವಾಡಕ್ಕೆ ಕರೆದೊಯ್ಯುತ್ತೇನೆಂದರೆ ಶಿವಯೋಗೀಶ, "ಮದುವಿ ಮುಗೀಲಿರಿ, ಆಮ್ಯಾಲ ನೋಡೂಣು" ಅಂದ. ಮದುವೆ ಮುಗಿಯುವ ತನಕ ಕೂಸಿನ ಹೊಟ್ಟೆ ಕಾಯಬೇಕಂತೆ. ಥೂ!

ಕೂಸು ಕಾಯಲಿಲ್ಲ, ಅತ್ತಿತು. ಬಾಟಲಿ ಬಂತು. ಹಾಲು ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ಬತ್ತಿಯೇ ಹೋಯಿತು.

ಮದುವೆಯ ದಿನ ಸೌಮ್ಯಾಗೆ ಬಸಿರಿಗೆ ಮುಂಚಿನ ಹಳೆಯ ಜಂಪರು ಸರಿಯಾಗಿ ಕೂತಿತು. ಬಂದ ಹೆಂಗಸರೆಲ್ಲ ಗಲ್ಲ ಹಿಡಿದು, "ಹಡದಾಕಿ ಅನಸೂದೇ ಇಲ್ಲವಾ!" ಎಂದರು. ಗಂಡ ಎದೆಯುಬ್ಬಿಸಿ ಓಡಾಡುತ್ತಿದ್ದ. ಊಟದ ಹೊತ್ತಿಗೆ ಕೂಸು ರಚ್ಚೆ ಹಿಡಿಯಿತು. ಸೌಮ್ಯಾ ಅದನ್ನು ಕೋಣೆಗೆ ಒಯ್ದು, ಹಾಲು ಬರಲಾರದೆಂದು ಗೊತ್ತಿದ್ದೂ, ಎದೆಗೆ ಹಚ್ಚಿಕೊಂಡಳು. ಕೂಸು ನಾಲ್ಕು ಸಲ ಚೀಪಿ, ಚೀರಿ, ಮುಖ ತಿರುಗಿಸಿ ನನ್ನ ಹಿಂದೆಯೇ ಒಳಗೆ ಬಂದಿದ್ದ ಅಜ್ಜಿ ದ್ರಾಕ್ಷಾಯಿಣಿಯ ಕೈಯಲ್ಲಿದ್ದ ಬಾಟಲಿಗೆ ಕೈಚಾಚಿತು.

ಹೊಸ ಬೀಗರ ಕಡೆಯ ಹೆಂಗಸೊಬ್ಬಳು ಇಣುಕಿ, "ಇಷ್ಟ ಸಣ್ಣ ಕೂಸಿಗೆ ಬಾಟ್ಲಿ ಯಾಕ್ರಿ?" ಎಂದು ಕೇಳಿದಳು.

ದ್ರಾಕ್ಷಾಯಿಣಿ ನಿಟ್ಟುಸಿರು ಬಿಟ್ಟಳು. "ಏನ್ ಮಾಡೂದ್ರಿ ಯಕ್ಕಾ, ಈಗಿನ ಹುಡಿಗ್ಯಾರು! ಮೈಕಟ್ಟು ಹಾಳಾಗತೈತಿ ಅಂತ ಎದಿಹಾಲು ಬಿಡಿಸಿಬಿಟ್ಲು. ನಮ್ಮ ಮಾತು ಯಾರು ಕೇಳ್ತಾರ?"

ಶಿವಯೋಗೀಶ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿತ್ತು. ಫೋಟೋದವರು ಕರೆಯುತ್ತಿದ್ದಾರೆ, ಲಗೂ ಬಾ ಎಂದು ಹೆಂಡತಿಗೆ ಅಂದ.

ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಬಿಡಿಸಿದವ್ರು ಯಾರು ಅಂತ ಇಲ್ಲೇ, ಈ ಮಂದಿ ಮುಂದನ ಹೇಳ್ತೇನಿ, ತಡೀರಿ!" ಎಂದು ಬಾಯಿ ತೆಗೆದದ್ದೇ ತಡ, ಸೌಮ್ಯಾ ನನ್ನ ಕೈ ಹಿಡಿದಳು. ಅಳುತ್ತಿರಲಿಲ್ಲ. ಜಂಪರಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು.

"ಜಗಳಾಡಿದ್ರ ಹಾಲು ಬರತೈತೇನು ದೊಡ್ಡವ್ವ?"